ಅಮೆರಿಕದ ದಕ್ಷಿಣದಲ್ಲಿ ಸಹೋದ್ಯೋಗಿಗಳೊಡನೆ ರಾತ್ರಿಯೂಟ: ಮೇಜು ಕಾಯ್ದಿರಿಸುವುದರಿಂದ ಬಿಲ್ ಸಹಿ ಮಾಡುವವರೆಗೆ

ಕಂಪನಿಯ ಕೆಲಸದ ಮೇಲೆ ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಅಟ್ಲಾಂಟಾ, ಷಾರ್ಲಟ್, ನ್ಯಾಶ್‌ವಿಲ್ ಅಥವಾ ಚಾರ್ಲ್ಸ್‌ಟನ್‌ಗೆ ಬಂದಿಳಿದವರಿಗೆ ಒಂದೆರಡು ವಾರಗಳಲ್ಲಿಯೇ ತಂಡದ ಮುಖ್ಯಸ್ಥರಿಂದ ಆಹ್ವಾನವೊಂದು ಬರುವುದುಂಟು: ಗುರುವಾರ ಸಂಜೆ ಎಲ್ಲರೂ ಸೇರಿ ಊರಿನ ಒಳ್ಳೆಯ ‘ಸದರ್ನ್’ ರೆಸ್ಟೋರೆಂಟಿಗೆ ಹೋಗೋಣ ಎಂದು. ಇಲ್ಲಿ ಸದರ್ನ್ ಎಂದರೆ ವರ್ಜೀನಿಯಾದಿಂದ ಲೂಸಿಯಾನದವರೆಗಿನ ಅಮೆರಿಕದ ಆಗ್ನೇಯ ರಾಜ್ಯಗಳ ಅಡುಗೆ. ಅಂಥ ಮೇಜಿನ ಮುಂದೆ ಮೊದಲ ಸಲ ಕುಳಿತಾಗ ನನಗೆ ಮೆನುವಿನ ಅರ್ಧದಷ್ಟು ಹೆಸರುಗಳು ಅರ್ಥವಾಗಿರಲಿಲ್ಲ. ಈಗ ಈ ಭಾಗದಲ್ಲಿ ಹಲವು ವರ್ಷ ಕಳೆದ ಮೇಲೆ ಹೊಸದಾಗಿ ಬಂದವರಿಗೆ ನಾನು ಹೇಳುವುದು ಮುಖ್ಯವಾಗಿ ಒಂದೇ ಮಾತು. ಈ ಮೇಜಿನ ಮೇಲಿರುವ ನುಚ್ಚು, ಸೊಪ್ಪು, ಬೆಂಡೆ, ಅಲಸಂದೆ, ಅನ್ನ, ಬೇಯಿಸಿದ ಕಡಲೆಕಾಯಿ ಎಲ್ಲವೂ ನಮಗೆ ಹುಟ್ಟಿನಿಂದ ಗೊತ್ತಿರುವ ಪದಾರ್ಥಗಳು. ಆದರೆ ಅವುಗಳನ್ನು ಬೇಯಿಸುವ ರೀತಿ ನಮ್ಮದಲ್ಲ. ಆದ್ದರಿಂದ ಮುಂಚಿತವಾಗಿ ಕೇಳಿ ತಿಳಿದುಕೊಂಡು ಹೋದವರಿಗೆ ಅದು ಹೊಟ್ಟೆ ತುಂಬುವ ಊಟವಾಗುತ್ತದೆ, ಕೇಳದೆ ಹೋದವರು ಬರೀ ನೀರು ಕುಡಿದು ಎದ್ದು ಬರಬೇಕಾಗುತ್ತದೆ.

ಮೊದಲ ಕೆಲಸ ಮೇಜು ಕಾಯ್ದಿರಿಸುವುದು. ಆ ಹೊಣೆ ನಿಮ್ಮದಾಗಿದ್ದರೆ, ಆರಕ್ಕಿಂತ ಹೆಚ್ಚು ಜನರ ತಂಡಕ್ಕೆ ಕನಿಷ್ಠ ಎರಡು ವಾರ ಮೊದಲೇ ಪ್ರಯತ್ನಿಸಿರಿ. ಓಪನ್‌ಟೇಬಲ್, ರೆಸಿಯಂಥ ಆಪ್‌ಗಳಲ್ಲಿ ದೊಡ್ಡ ಮೇಜುಗಳು ಅನೇಕ ವೇಳೆ ಕಾಣಿಸುವುದೇ ಇಲ್ಲ. ನೇರವಾಗಿ ಫೋನ್ ಮಾಡಬೇಕು, ಅದೂ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ, ಅಡುಗೆಮನೆಯ ಗಡಿಬಿಡಿ ಕಡಿಮೆ ಇರುವ ಹೊತ್ತಿನಲ್ಲಿ ಮಾಡುವುದು ಒಳ್ಳೆಯದು. ಇಲ್ಲಿನವರು ರಾತ್ರಿಯೂಟಕ್ಕೆ ಆರರಿಂದ ಏಳೂವರೆಯೊಳಗೆ ಕೂರುತ್ತಾರೆ. ಒಂಬತ್ತಕ್ಕೆ ಊಟ ಮಾಡಿ ಅಭ್ಯಾಸವಿರುವ ನಮಗೆ ಇದು ಬೇಗ ಎನಿಸಿದರೂ ಹೇಳಿದ ಹೊತ್ತಿಗೆ ಐದು ನಿಮಿಷ ಮುಂಚೆಯೇ ತಲುಪಬೇಕು, ಏಕೆಂದರೆ ಹದಿನೈದು ನಿಮಿಷ ತಡವಾದರೆ ಮೇಜನ್ನು ಬೇರೆಯವರಿಗೆ ಕೊಡುವುದು ಅನೇಕ ಕಡೆ ರೂಢಿಯಲ್ಲಿದೆ. ತಂಡದ ಎಲ್ಲರೂ ಬಂದ ಹೊರತು ಕೂರಿಸದ ಸ್ಥಳಗಳೂ ಇವೆ.

ಕಾಯ್ದಿರಿಸುವವರು ಬೇರೆಯವರಾಗಿದ್ದರೆ ನೀವು ಮಾಡಬೇಕಾದದ್ದು ಇಷ್ಟೇ: ನೀವು ಏನನ್ನು ತಿನ್ನುವುದಿಲ್ಲ ಎಂಬುದನ್ನು ಆಹ್ವಾನ ಬಂದ ದಿನವೇ ಅವರಿಗೆ ಬರೆದು ತಿಳಿಸಿರಿ. ಇದು ಸಂಕೋಚ ಪಡಬೇಕಾದ ವಿಷಯವಲ್ಲ. ನಮ್ಮಲ್ಲಿ ಅತಿಥಿಯಾಗಿ ಹೋದವರು ಕೊಟ್ಟದ್ದನ್ನು ತಿನ್ನಬೇಕು, ಬೇಡಿಕೆ ಇಡಬಾರದು ಎಂಬ ಸಂಸ್ಕಾರವಿದೆ, ಆದರೆ ಇಲ್ಲಿನ ಅತಿಥೇಯರು ಇದನ್ನು ಬೇರೆಯಾಗಿ ನೋಡುತ್ತಾರೆ. ಮೊದಲೇ ತಿಳಿಸಿದರೆ ಅವರಿಗೆ ಉಪಕಾರ ಮಾಡಿದಂತೆ, ಮೇಜಿನ ಮೇಲೆ ತಟ್ಟೆ ಬಂದ ನಂತರ ತಿಳಿಸಿದರೆ ಅವರನ್ನು ಇಕ್ಕಟ್ಟಿಗೆ ಸಿಲುಕಿಸಿದಂತೆ. ಇದಕ್ಕೆ ಅಡುಗೆಯ ಕಾರಣವೂ ಇದೆ. ದಕ್ಷಿಣದ ಸೊಪ್ಪು, ಕಾಳುಗಳು ಬೆಳಗಿನಿಂದಲೇ ದೊಡ್ಡ ಪಾತ್ರೆಯಲ್ಲಿ ಹೊಗೆಯಾಡಿಸಿದ ಹಂದಿಮಾಂಸದೊಡನೆ ಸಣ್ಣ ಉರಿಯಲ್ಲಿ ಬೇಯುತ್ತಿರುತ್ತವೆ. ರಾತ್ರಿ ಏಳು ಗಂಟೆಗೆ ಆ ಮಾಂಸವನ್ನು ಅದರಿಂದ ಬೇರ್ಪಡಿಸಿ ಕೊಡಲು ಯಾವ ಬಾಣಸಿಗರಿಗೂ ಆಗದು. ಹಿಂದಿನ ದಿನವೇ ಗೊತ್ತಿದ್ದರೆ ಒಂದು ಸಣ್ಣ ಪಾತ್ರೆಯನ್ನು ಬೇರೆಯಾಗಿ ಇಡಲು ಆಗುತ್ತದೆ.

ನಾನು ಹೊಸದಾಗಿ ಬಂದಿದ್ದಾಗ ಒಂದು ರೆಸ್ಟೋರೆಂಟಿನಲ್ಲಿ ಕಾಲರ್ಡ್ ಎಂಬ ಸೊಪ್ಪನ್ನು ತೋರಿಸಿ ಇದು ವೆಜಿಟೇರಿಯನ್ ತಾನೇ ಎಂದು ಕೇಳಿದ್ದೆ. ಬಡಿಸುತ್ತಿದ್ದವರು ಹೌದೆಂದರು. ಅರ್ಧ ತಿಂದ ಮೇಲೆ, ಇದಕ್ಕೆ ಈ ಹೊಗೆಯ ರುಚಿ ಹೇಗೆ ಬಂತು ಎಂದು ಕುತೂಹಲದಿಂದ ಕೇಳಿದಾಗ, ಹಂದಿಯ ಕಾಲಿನ ಮೂಳೆ ಹಾಕಿ ಬೇಯಿಸುತ್ತೇವೆ ಎಂದು ಅವರು ಹೆಮ್ಮೆಯಿಂದಲೇ ಹೇಳಿದರು. ಆ ರಾತ್ರಿ ನನಗೆ ಬಹಳ ನೋವಾಯಿತು. ಆದರೆ ಅವರು ಸುಳ್ಳು ಹೇಳಿರಲಿಲ್ಲ. ಮಾಂಸದ ತುಂಡು ಇಲ್ಲದ ಪದಾರ್ಥ ಅವರ ಲೆಕ್ಕದಲ್ಲಿ ತರಕಾರಿಯೇ. ಈ ಭಾಗದ ಸಾಧಾರಣ ಊಟದ ಮನೆಗಳಲ್ಲಿ ಒಂದು ಮಾಂಸ, ಮೂರು ‘ತರಕಾರಿ’ ಆರಿಸಿಕೊಳ್ಳುವ ಪದ್ಧತಿಯಿದೆ. ಆ ತರಕಾರಿಗಳ ಪಟ್ಟಿಯಲ್ಲಿ ಚೀಸ್ ಹಾಕಿದ ಮ್ಯಾಕರೋನಿಯೂ ಇರುತ್ತದೆ. ಆದ್ದರಿಂದ ವೆಜಿಟೇರಿಯನ್ ಎಂಬ ಒಂದೇ ಪದವನ್ನು ನಂಬಬೇಡಿರಿ. ಒಂದೊಂದನ್ನೂ ಹೆಸರು ಹಿಡಿದು ಕೇಳಿರಿ: ಇದರಲ್ಲಿ ಹಂದಿಮಾಂಸದ ಬೇಕನ್, ಹ್ಯಾಮ್, ಹಂದಿಯ ಕೊಬ್ಬಾದ ಲಾರ್ಡ್ ಇದೆಯೇ, ಕೋಳಿಯ ಸಾರಿನಲ್ಲಿ ಬೇಯಿಸಿದ್ದೇ, ಕೋಳಿ ಅಥವಾ ಮೀನು ಕರಿದ ಎಣ್ಣೆಯಲ್ಲಿಯೇ ಇದನ್ನೂ ಕರಿಯುತ್ತೀರಾ? ಈ ಮೂರು ಪ್ರಶ್ನೆಗಳಿಗೆ ಸಿಗುವ ಉತ್ತರದಿಂದ ಬಹುಮಟ್ಟಿಗೆ ಎಲ್ಲವೂ ತಿಳಿಯುತ್ತದೆ. ಮೊಟ್ಟೆಯನ್ನೂ ಬಿಟ್ಟವರು ನಾಲ್ಕನೆಯ ಪ್ರಶ್ನೆಯನ್ನು ಸೇರಿಸಿಕೊಳ್ಳಬೇಕು, ಏಕೆಂದರೆ ಮೆಕ್ಕೆಜೋಳದ ಹಿಟ್ಟಿನ ಬ್ರೆಡ್ಡಾದ ಕಾರ್ನ್‌ಬ್ರೆಡ್‌ನಲ್ಲಿ, ಕರಿದ ತಿಂಡಿಗಳ ಹಿಟ್ಟಿನಲ್ಲಿ, ಬಹುತೇಕ ಎಲ್ಲ ಸಿಹಿತಿಂಡಿಗಳಲ್ಲಿ ಮೊಟ್ಟೆಯಿರುತ್ತದೆ.

ಇನ್ನು ಮೆನುವನ್ನು ಓದುವ ಬಗೆ. ‘ಗ್ರಿಟ್ಸ್’ ಎಂದು ಕಂಡರೆ ಮೆಕ್ಕೆಜೋಳದ ನುಚ್ಚು ಎಂದು ತಿಳಿಯಿರಿ. ಜೋಳದ ನುಚ್ಚನ್ನು ಮಜ್ಜಿಗೆಯೊಡನೆ ಉಂಡು ಬೆಳೆದ ಉತ್ತರ ಕರ್ನಾಟಕದವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. ಒಳ್ಳೆಯ ಸ್ಥಳಗಳಲ್ಲಿ ಕಲ್ಲಿನಲ್ಲಿ ಒಡೆದ ನುಚ್ಚನ್ನು ಮುಕ್ಕಾಲು ಗಂಟೆಗೂ ಮಿಕ್ಕಿ ಕದಡುತ್ತಾ ಬೇಯಿಸಿ, ಬೆಣ್ಣೆ, ಕೆನೆ ಅಥವಾ ಚೀಸ್ ಬೆರೆಸಿ ಕೊಡುತ್ತಾರೆ. ಜಾರ್ಜಿಯಾ ರಾಜ್ಯ 2002ರಲ್ಲಿ ಇದನ್ನು ತನ್ನ ಅಧಿಕೃತ ಸಿದ್ಧ ಆಹಾರವೆಂದೇ ಘೋಷಿಸಿತು. ಸಿಗಡಿಯೊಡನೆ ಬಡಿಸುವ ‘ಶ್ರಿಂಪ್ ಆ್ಯಂಡ್ ಗ್ರಿಟ್ಸ್’ ದಕ್ಷಿಣ ಕೆರೊಲಿನಾ ಕರಾವಳಿಯ ಬೆಸ್ತರ ಬೆಳಗಿನ ತಿಂಡಿಯಾಗಿತ್ತು. ಅದನ್ನು ದೊಡ್ಡ ರೆಸ್ಟೋರೆಂಟುಗಳ ಮೆನುವಿಗೆ ಏರಿಸಿದ ಕೀರ್ತಿ ಉತ್ತರ ಕೆರೊಲಿನಾದ ಚಾಪೆಲ್ ಹಿಲ್‌ನಲ್ಲಿ ಕ್ರೂಕ್ಸ್ ಕಾರ್ನರ್ ಎಂಬ ರೆಸ್ಟೋರೆಂಟ್ ನಡೆಸುತ್ತಿದ್ದ ಬಿಲ್ ನೀಲ್ ಅವರಿಗೆ ಸಲ್ಲುತ್ತದೆ. 1985ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದರ ಬಗ್ಗೆ ಬರೆದ ಮೇಲೆ ಅದು ದೇಶವನ್ನೆಲ್ಲ ಸುತ್ತಿತು. ಮೀನು, ಸಿಗಡಿ ತಿನ್ನುವವರು ಮೊದಲ ಭೇಟಿಯಲ್ಲಿ ಇದನ್ನೇ ತರಿಸಿಕೊಳ್ಳುವುದು ಒಳ್ಳೆಯದು, ಆದರೆ ಅದರಲ್ಲಿ ಬೇಕನ್ ತುಣುಕುಗಳೂ ಇರುವುದು ಸಾಮಾನ್ಯ. ತಿನ್ನದವರು ನುಚ್ಚನ್ನು ಮಾತ್ರ, ನೀರಿನಲ್ಲಿ ಅಥವಾ ಹಾಲಿನಲ್ಲಿ ಬೇಯಿಸಿದ್ದಾದರೆ, ಅಣಬೆಯ ಪಲ್ಯದೊಡನೆ ಕೊಡಲು ಸಾಧ್ಯವೇ ಎಂದು ಕೇಳಬಹುದು.

ಕಾಲರ್ಡ್ ಸೊಪ್ಪನ್ನು ಬಸಿದ ನೀರಿಗೆ ಇಲ್ಲಿ ‘ಪಾಟ್ ಲಿಕರ್’ ಎನ್ನುತ್ತಾರೆ. ಬಸ್ಸಾರಿನ ರುಚಿ ಗೊತ್ತಿರುವವರಿಗೆ ಆ ನೀರನ್ನು ಚೆಲ್ಲದೆ ಉಳಿಸಿಕೊಂಡದ್ದು ಏಕೆಂದು ಹೇಳಬೇಕಾಗಿಲ್ಲ. ನಾವು ಮುದ್ದೆಯನ್ನು ಬಸ್ಸಾರಿನಲ್ಲಿ ಅದ್ದುವಂತೆ ಇಲ್ಲಿನವರು ಕಾರ್ನ್‌ಬ್ರೆಡ್ಡನ್ನು ಅದರಲ್ಲಿ ಅದ್ದಿ ತಿನ್ನುತ್ತಾರೆ. ಅಲಸಂದೆ ಕಾಳನ್ನು ಅನ್ನದೊಡನೆ ಬೇಯಿಸಿದ್ದು ‘ಹಾಪಿನ್ ಜಾನ್’. ಹೊಸ ವರ್ಷದ ಮೊದಲ ದಿನ ಅದನ್ನು ತಿಂದರೆ ವರ್ಷವಿಡೀ ಕೈಯಲ್ಲಿ ಹಣ ನಿಲ್ಲುತ್ತದೆ ಎಂಬ ನಂಬಿಕೆ ಇಲ್ಲಿದೆ, ಆದ್ದರಿಂದ ಜನವರಿಯಲ್ಲಿ ಊಟಕ್ಕೆ ಹೋದರೆ ಆ ವಿಷಯವನ್ನು ಎತ್ತಿದೊಡನೆ ಮೇಜಿನಲ್ಲಿರುವ ಪ್ರತಿಯೊಬ್ಬರಿಗೂ ತಮ್ಮ ಅಜ್ಜಿಯ ಕೈಯಡುಗೆಯ ನೆನಪು ಬರುತ್ತದೆ. ಈ ಎರಡರಲ್ಲಿಯೂ ಹಂದಿಮಾಂಸ ಸಾಂಪ್ರದಾಯಿಕವಾಗಿ ಇದ್ದೇ ಇರುತ್ತದೆ ಎಂಬುದನ್ನು ಮರೆಯಬಾರದು. ಬೆಂಡೆಕಾಯಿಯನ್ನು ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿಯುತ್ತಾರೆ, ಉಪ್ಪಿನಕಾಯಿ ಹಾಕುತ್ತಾರೆ, ಸುಟ್ಟು ಕೊಡುತ್ತಾರೆ. ‘ಗಂಬೊ’ ಎಂಬ ಲೂಸಿಯಾನದ ಗಟ್ಟಿ ಸಾರಿನ ಹೆಸರು ಆಫ್ರಿಕಾದ ಭಾಷೆಗಳಲ್ಲಿ ಬೆಂಡೆಗಿರುವ ಹೆಸರಿನಿಂದಲೇ ಬಂದದ್ದೆಂದು ಹೇಳುತ್ತಾರೆ, ಆದರೆ ಅದರಲ್ಲಿ ಕೋಳಿ, ಸಾಸೇಜ್ ಅಥವಾ ಸಿಗಡಿ ಇರುವುದೇ ಹೆಚ್ಚು. ಗುಜರಾತಿನಲ್ಲಿ ಹುಟ್ಟಿ ಮಿಸಿಸಿಪ್ಪಿಯ ಆಕ್ಸ್‌ಫರ್ಡ್‌ನಲ್ಲಿ ಸ್ನ್ಯಾಕ್‌ಬಾರ್ ಎಂಬ ರೆಸ್ಟೋರೆಂಟಿನ ಬಾಣಸಿಗರಾದ ವಿಶ್ವೇಶ್ ಭಟ್ ಅವರು ಇದೇ ಬೆಂಡೆಕಾಯಿಯಿಂದ ಚಾಟ್ ಮಾಡಿ ಹೆಸರಾದರು. 2019ರಲ್ಲಿ ಅವರಿಗೆ ದಕ್ಷಿಣ ವಲಯದ ಅತ್ಯುತ್ತಮ ಬಾಣಸಿಗ ಎಂಬ, ಅಮೆರಿಕದ ಅಡುಗೆ ಲೋಕದ ದೊಡ್ಡ ಗೌರವವಾದ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಬಂತು. ನಮ್ಮ ನೆಲದ ರುಚಿಯನ್ನು ಈ ಅಡುಗೆ ಹೊರಗಿನದೆಂದು ತಳ್ಳಿಲ್ಲ ಎಂಬುದಕ್ಕೆ ನಾನು ಸಹೋದ್ಯೋಗಿಗಳಿಗೆ ಕೊಡುವ ಮೊದಲ ಉದಾಹರಣೆ ಇದು. ಎರಡನೆಯದು ‘ಕಂಟ್ರಿ ಕ್ಯಾಪ್ಟನ್’: ಚಾರ್ಲ್ಸ್‌ಟನ್, ಜಾರ್ಜಿಯಾದ ಸವಾನಾ ಕಡೆಯ ಹಳೆಯ ಮನೆಗಳ ಕೋಳಿಯ ಪದಾರ್ಥ, ಭಾರತದೊಡನೆ ನಡೆದ ಹಡಗು ವ್ಯಾಪಾರದ ಕಾಲವನ್ನು ನೆನಪಿಸುವಂತೆ ‘ಕರಿ ಪೌಡರ್’ ಎಂಬ ಮಸಾಲೆ ಪುಡಿ, ಒಣದ್ರಾಕ್ಷಿ, ಬಾದಾಮಿ ಹಾಕಿ ಮಾಡುವಂಥದ್ದು.

ಬೇಯಿಸಿದ ಕಡಲೆಕಾಯಿ ಮೆನುವಿನಲ್ಲಿ ಕಂಡರೆ ಬಿಡಬೇಡಿರಿ. ರಸ್ತೆ ಬದಿಯ ತಿನಿಸಾಗಿದ್ದ ಇದು ಈಗ ದುಬಾರಿ ರೆಸ್ಟೋರೆಂಟುಗಳಲ್ಲಿಯೂ ಊಟಕ್ಕೆ ಮೊದಲು ಬರುತ್ತದೆ. ದಕ್ಷಿಣ ಕೆರೊಲಿನಾ 2006ರಲ್ಲಿ ಅದನ್ನು ರಾಜ್ಯದ ಅಧಿಕೃತ ಕುರುಕಲು ತಿನಿಸಾಗಿ ಆರಿಸಿತು. ಅಮೆರಿಕದ ಉಳಿದ ಭಾಗದವರಿಗೆ ಕಡಲೆಕಾಯಿಯನ್ನು ಬೇಯಿಸುವುದೆಂದರೆ ವಿಚಿತ್ರವೆನಿಸುತ್ತದೆ. ಬಸವನಗುಡಿಯ ಪರಿಷೆಯಲ್ಲಿ ಕಾಗದದ ಪೊಟ್ಟಣ ಹಿಡಿದು ನಡೆದ ನಾನು ಅದನ್ನು ಸುಲಿದು ತಿನ್ನುವ ಸಲೀಸನ್ನು ಕಂಡು ನನ್ನ ಮೇಜಿನ ಜಾರ್ಜಿಯಾದ ಹಿರಿಯರೊಬ್ಬರು ಸಂತೋಷಪಟ್ಟಿದ್ದರು, ಅಂದಿನಿಂದ ನಮ್ಮಿಬ್ಬರ ನಡುವೆ ಕೆಲಸದ ಮಾತೂ ಸುಲಭವಾಯಿತು.

‘ಬಿಸ್ಕೆಟ್’ ಎಂದರೆ ಚಹಾದಲ್ಲಿ ಅದ್ದುವಂಥದ್ದಲ್ಲ. ಮಜ್ಜಿಗೆ ಹಾಕಿ ಕಲಸಿದ, ಪದರ ಬಿಡುವ ಮೆತ್ತನೆಯ ಬನ್ನು. ಅದನ್ನು ಬೆಣ್ಣೆಯಲ್ಲಿ ಮಾಡಿದ್ದೇ ಲಾರ್ಡಿನಲ್ಲಿ ಮಾಡಿದ್ದೇ ಎಂದು ಕೇಳಿರಿ. ಕಾರ್ನ್‌ಬ್ರೆಡ್ ಬೇಯುವ ಕಬ್ಬಿಣದ ಬಾಣಲೆಗೆ ಬೇಕನ್ ಕೊಬ್ಬನ್ನು ಸವರುವುದು ಹಳೆಯ ಕ್ರಮ. ಕೆಂಪು ಮೆಣಸಿನ ಚೂರು ಬೆರೆಸಿದ ‘ಪಿಮೆಂಟೊ ಚೀಸ್’ ನೋಡಲು ಶುದ್ಧ ಸಸ್ಯಾಹಾರವೆನಿಸಿದರೂ ಕೆಲವರು ಅದಕ್ಕೆ ವೂಸ್ಟರ್‌ಶೈರ್ ಸಾಸ್ ಹಾಕುತ್ತಾರೆ, ಆ ಸಾಸಿನಲ್ಲಿ ಆ್ಯಂಚೊವಿ ಎಂಬ ಮೀನಿರುತ್ತದೆ. ಹಸಿರು ಟೊಮೇಟೊ ಬಜ್ಜಿಯ ವಿಷಯದಲ್ಲಿ ಕರಿದ ಎಣ್ಣೆಯ ಪ್ರಶ್ನೆಯೊಂದೇ. ದನದ ಮಾಂಸವನ್ನು ಮಾತ್ರ ಬಿಟ್ಟವರಿಗೆ ಇಲ್ಲಿ ಕಷ್ಟ ಕಡಿಮೆ, ಏಕೆಂದರೆ ಈ ಅಡುಗೆಯಲ್ಲಿ ಹಂದಿ, ಕೋಳಿ, ಮೀನುಗಳದೇ ಮೇಲುಗೈ. ‘ಶಾರ್ಟ್ ರಿಬ್’, ‘ಮೀಟ್‌ಲೋಫ್’ ಎಂಬ ಹೆಸರುಗಳ ಬಳಿ ಮಾತ್ರ ನಿಂತು ಕೇಳಬೇಕು.

ಮೆನುವಿನಲ್ಲಿ ಪದಾರ್ಥದ ಪಕ್ಕದಲ್ಲಿ ಹೊಲದ ಹೆಸರೋ ಗಿರಣಿಯ ಹೆಸರೋ ಇದ್ದರೆ ಅದನ್ನು ಬರಿಯ ಅಲಂಕಾರವೆಂದು ತಿಳಿಯಬೇಡಿರಿ. 2010ರಲ್ಲಿ ಚಾರ್ಲ್ಸ್‌ಟನ್‌ನಲ್ಲಿ ಆರಂಭವಾದ ಹಸ್ಕ್ ಎಂಬ ರೆಸ್ಟೋರೆಂಟ್, ದಕ್ಷಿಣದಲ್ಲಿ ಬೆಳೆಯದ ಯಾವುದನ್ನೂ ಅಡುಗೆಗೆ ಬಳಸುವುದಿಲ್ಲವೆಂಬ ಕಟ್ಟುನಿಟ್ಟಿನಿಂದ ಹೆಸರು ಮಾಡಿತು. ಆ ಸುಮಾರಿನಿಂದ ಈ ಬಗೆಯ ರೆಸ್ಟೋರೆಂಟುಗಳಲ್ಲಿ ಹಳೆಯ ತಳಿಗಳ ಕಾಳು, ಮೆಕ್ಕೆಜೋಳ, ಅಕ್ಕಿಗಳಿಗೆ ದೊಡ್ಡ ಮರ್ಯಾದೆ ಬಂದಿದೆ. ‘ಕೆರೊಲಿನಾ ಗೋಲ್ಡ್’ ಎಂಬ ಅಕ್ಕಿಯನ್ನು ಕಂಡಾಗಲಂತೂ ಅದರ ಹಿಂದಿರುವ ಕಥೆಯನ್ನು ತಿಳಿದಿರಬೇಕು. ಚಾರ್ಲ್ಸ್‌ಟನ್ ಸುತ್ತಲಿನ ಜೌಗು ನೆಲದಲ್ಲಿ ಭತ್ತ ಬೆಳೆದು ಒಡೆಯರು ಶ್ರೀಮಂತರಾದದ್ದು ಪಶ್ಚಿಮ ಆಫ್ರಿಕಾದಿಂದ ಬಲವಂತವಾಗಿ ತಂದ ಗುಲಾಮರ ದುಡಿಮೆಯಿಂದ ಮಾತ್ರವಲ್ಲ, ಭತ್ತದ ಬೇಸಾಯದ ಬಗ್ಗೆ ಅವರಿಗಿದ್ದ ತಿಳಿವಳಿಕೆಯಿಂದ ಕೂಡ. ಬೆಂಡೆ, ಅಲಸಂದೆಗಳೂ ಅವರನ್ನು ಹೊತ್ತು ತಂದ ಹಡಗುಗಳ ದಾರಿಯಲ್ಲಿಯೇ ಬಂದವು. ಅವರ ಮಕ್ಕಳು ಮೊಮ್ಮಕ್ಕಳಾದ ಗಲ್ಲಾ ಗೀಚೀ ಜನ ಈಗಲೂ ಈ ಕರಾವಳಿಯಲ್ಲಿದ್ದಾರೆ. ಚಾರ್ಲ್ಸ್‌ಟನ್‌ನಲ್ಲಿ ಆ ಹಡಗುಗಳು ಬಂದು ನಿಲ್ಲುತ್ತಿದ್ದ ಗ್ಯಾಡ್ಸ್‌ಡನ್ ಕಟ್ಟೆಯ ಮೇಲೆಯೇ 2023ರಲ್ಲಿ ಇಂಟರ್‌ನ್ಯಾಷನಲ್ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ ತೆರೆಯಿತು. ಸವಾನಾದಲ್ಲಿ ‘ದಿ ಗ್ರೇ’ ಎಂಬ ರೆಸ್ಟೋರೆಂಟ್ ಇರುವುದು 1938ರ ಗ್ರೇಹೌಂಡ್ ಬಸ್ ನಿಲ್ದಾಣದ ಕಟ್ಟಡದಲ್ಲಿ, ಅಂದರೆ ಕರಿಯರನ್ನೂ ಬಿಳಿಯರನ್ನೂ ಬೇರೆ ಬೇರೆ ಕೂರಿಸುತ್ತಿದ್ದ ಕಾಲದ ಕಟ್ಟಡದಲ್ಲಿ. ಅಲ್ಲಿ ಇಂದು ಅಡುಗೆಯ ಮುಖ್ಯಸ್ಥೆಯಾಗಿರುವ ಆಫ್ರಿಕನ್ ಅಮೆರಿಕನ್ ಮಹಿಳೆ ಮಶಾಮಾ ಬೇಲಿ 2022ರಲ್ಲಿ ದೇಶದ ಅತ್ಯುತ್ತಮ ಬಾಣಸಿಗರೆಂಬ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಪಡೆದರು. ಮೇಜಿನಲ್ಲಿ ಈ ಚರಿತ್ರೆಯ ಮಾತು ಬಂದರೆ ಕೇಳಿಸಿಕೊಳ್ಳಿರಿ. ನಿಮ್ಮ ಪಕ್ಕದಲ್ಲಿ ಕುಳಿತವರಿಗೆ ಇದು ಮನೆಯ ಹಿರಿಯರ ಬದುಕು. ಗುಲಾಮರನ್ನು ದುಡಿಸಿದ ಹಳೆಯ ತೋಟದ ಬಂಗಲೆಗಳು ಎಷ್ಟು ಸುಂದರವಾಗಿವೆ ಎಂದು ಪ್ರವಾಸಿಯಂತೆ ಹೊಗಳುವುದನ್ನು ಈ ಊಟದ ಹೊತ್ತಿನಲ್ಲಿ ಬಿಡುವುದೇ ಸರಿ.

ಉಡುಪಿನ ಬಗ್ಗೆ ಹೆಚ್ಚು ಚಿಂತೆ ಬೇಡ. ಕಾಲರ್ ಇರುವ ಶರ್ಟು, ಒಳ್ಳೆಯ ಪ್ಯಾಂಟು, ಮುಚ್ಚಿದ ಬೂಟು ಸಾಕು. ಸಲ್ವಾರ್, ಸೀರೆಗಳಿಗೂ ಯಾವ ಅಡ್ಡಿಯಿಲ್ಲ. ಬೇಸಿಗೆಯಲ್ಲಿಯೂ ಒಳಗೆ ಏಸಿಯ ಚಳಿ ಇರುತ್ತದೆ, ಆದ್ದರಿಂದ ಒಂದು ಜಾಕೆಟ್ ಕೈಯಲ್ಲಿರಲಿ.

ಪಾನೀಯದ ವಿಷಯದಲ್ಲಿ ಎರಡು ಮಾತು. ‘ಸ್ವೀಟ್ ಟೀ’ ಎಂದರೆ ಹಾಲಿಲ್ಲದ, ಐಸ್ ಹಾಕಿದ, ಬಹಳ ಸಿಹಿಯಾದ ಚಹಾ. ಸಕ್ಕರೆ ಬೇಡವಾದರೆ ‘ಅನ್‌ಸ್ವೀಟ್’ ಎಂದು ಹೇಳಬೇಕು. ಮದ್ಯ ತೆಗೆದುಕೊಳ್ಳುವವರು ವಯಸ್ಸು 21 ದಾಟಿದ್ದನ್ನು ತೋರಿಸಲು ಪಾಸ್‌ಪೋರ್ಟ್ ಒಯ್ಯುವುದು ಲೇಸು, ಏಕೆಂದರೆ ತಲೆಗೂದಲು ನೆರೆತವರನ್ನೂ ಗುರುತಿನ ಚೀಟಿ ಕೇಳುವ ಸ್ಥಳಗಳಿವೆ ಮತ್ತು ನಮ್ಮ ಊರಿನ ಡ್ರೈವಿಂಗ್ ಲೈಸೆನ್ಸನ್ನು ಎಲ್ಲರೂ ಒಪ್ಪುವುದಿಲ್ಲ. ಈ ಭಾಗದ ಹೆಮ್ಮೆಯ ಬರ್ಬನ್ ವಿಸ್ಕಿಯಲ್ಲಿ ಕಾನೂನಿನ ಪ್ರಕಾರ ಕನಿಷ್ಠ ಶೇಕಡಾ 51ರಷ್ಟು ಮೆಕ್ಕೆಜೋಳ ಇರಬೇಕು, ಒಳಭಾಗ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿಯೇ ಅದನ್ನು ಇಡಬೇಕು. ಕುಡಿಯದವರು ಕಾರಣ ಹೇಳಬೇಕಾಗಿಯೇ ಇಲ್ಲ. ಹಣ್ಣು, ಸಕ್ಕರೆ, ವಿನೆಗರ್ ಸೇರಿಸಿ ಮಾಡಿದ ‘ಶ್ರಬ್’ ಎಂಬ ಪಾನಕವನ್ನು ಸೋಡಾದೊಡನೆ ಕೇಳಿದರೆ ಒಳ್ಳೆಯದನ್ನೇ ತಂದುಕೊಡುತ್ತಾರೆ.

ಊಟಕ್ಕೆ ಕುಳಿತ ಮೇಲೆ ಎಲ್ಲರಿಗೂ ತಟ್ಟೆ ಬರುವವರೆಗೆ ಆರಂಭಿಸಬೇಡಿರಿ. ತಂಡದಲ್ಲಿ ಒಬ್ಬಿಬ್ಬರು ತಲೆ ಬಾಗಿಸಿ ಪ್ರಾರ್ಥನೆ ಮಾಡುವುದು ದಕ್ಷಿಣದಲ್ಲಿ ಸಾಮಾನ್ಯ. ಆಗ ಕೈ ತಡೆದು ಸುಮ್ಮನಿದ್ದರೆ ಸಾಕು. ಊಟಕ್ಕೆ ಮೊದಲು ಅನ್ನಕ್ಕೆ ಕೈಮುಗಿಯುವ ಮನೆಗಳಿಂದ ಬಂದ ನಮಗೆ ಇದು ಹೊಸದಲ್ಲ. ಪದಾರ್ಥಗಳನ್ನು ನಡುವೆ ಇಟ್ಟು ಎಲ್ಲರೂ ಹಂಚಿಕೊಳ್ಳುವ ಕ್ರಮ ಈ ರೆಸ್ಟೋರೆಂಟುಗಳಲ್ಲಿ ಹೆಚ್ಚು. ಎಂಜಲಿನ ವಿಚಾರದಲ್ಲಿ ಮನಸ್ಸು ಒಪ್ಪದವರು, ಹಾಗೆಯೇ ಮಾಂಸ ತಾಗಬಾರದೆನ್ನುವವರು, ಬಟ್ಟಲು ಬಂದ ಕೂಡಲೇ ಶುಚಿಯಾದ ಚಮಚದಿಂದ ತಮ್ಮ ಪಾಲನ್ನು ಮೊದಲೇ ಬಡಿಸಿಕೊಳ್ಳಲು ಅನುಮತಿ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಬಿಸ್ಕೆಟ್, ಕಾರ್ನ್‌ಬ್ರೆಡ್‌ಗಳನ್ನು ಕೈಯಲ್ಲಿಯೇ ಮುರಿದು ತಿನ್ನಬೇಕು. ಕರಿದ ಕೋಳಿಯನ್ನು ಕೈಯಲ್ಲಿ ತಿನ್ನಬಹುದೇ ಎಂಬುದನ್ನು ಆಹ್ವಾನಿಸಿದವರನ್ನು ನೋಡಿ ತೀರ್ಮಾನಿಸಿರಿ. ಬಡಿಸುವವರನ್ನು ಚಿಟಿಕೆ ಹೊಡೆದು ಕರೆಯುವುದಂತೂ ಕೂಡದು. ಕಣ್ಣು ಸೇರಿದಾಗ ಸ್ವಲ್ಪ ಕೈಯೆತ್ತಿದರೆ ಬರುತ್ತಾರೆ. ಇಲ್ಲಿ ಹಿರಿಯರಿಗೆ, ಅಪರಿಚಿತರಿಗೆ, ಬಡಿಸುವವರಿಗೂ ‘ಸರ್’, ‘ಮ್ಯಾಮ್’ ಎನ್ನುವ ರೂಢಿ ಇನ್ನೂ ಗಟ್ಟಿಯಾಗಿದೆ; ಬಹುವಚನದ ಮರ್ಯಾದೆಯಲ್ಲಿ ಬೆಳೆದ ಕನ್ನಡಿಗರಿಗೆ ಈ ಸೌಜನ್ಯ ಬಹಳ ಬೇಗ ಒಗ್ಗುತ್ತದೆ. ಮಾತಿಗೆ ಊರು, ಮಕ್ಕಳು, ಅಡುಗೆ, ಶರತ್ಕಾಲವಾದರೆ ಕಾಲೇಜು ಫುಟ್‌ಬಾಲ್ ಸಾಕಷ್ಟಾಯಿತು.

ಕೊನೆಯಲ್ಲಿ ಪೀಕನ್ ಪೈ, ಪೀಚ್ ಕಾಬ್ಲರ್, ಬಾಳೆಹಣ್ಣಿನ ಪುಡಿಂಗ್ ಎಂಬ ಸಿಹಿತಿಂಡಿಗಳು ಬರುತ್ತವೆ. ಪೈಯ ಹೊರಗಿನ ಹಿಟ್ಟಿನಲ್ಲಿ ಲಾರ್ಡ್ ಇರಬಹುದು ಎಂಬುದೊಂದನ್ನು ನೆನಪಿಟ್ಟುಕೊಂಡರಾಯಿತು.

ಬಿಲ್ಲಿನ ವಿಷಯದಲ್ಲಿ ನಮ್ಮವರು ಹೆಚ್ಚು ಎಡವುವುದನ್ನು ಕಂಡಿದ್ದೇನೆ. ‘ನಾನು ಕೊಡುತ್ತೇನೆ, ನೀವು ಬಿಡಿ’ ಎಂದು ಬಿಲ್ಲಿಗಾಗಿ ಎಳೆದಾಡುವುದು ನಮ್ಮಲ್ಲಿ ಪ್ರೀತಿಯ ಲಕ್ಷಣ. ಇಲ್ಲಿ ಆಹ್ವಾನಿಸಿದವರು ಕೊಡುತ್ತೇನೆಂದರೆ ಒಂದು ಬಾರಿ ಧನ್ಯವಾದ ಹೇಳಿ ಒಪ್ಪಿಕೊಳ್ಳುವುದೇ ಮರ್ಯಾದೆ. ಅವರವರ ಹಣ ಅವರವರೇ ಕೊಡುವುದಾದರೆ, ಆರ್ಡರ್ ಕೊಡುವುದಕ್ಕೆ ಮೊದಲೇ ಬಿಲ್ ಬೇರೆ ಬೇರೆ ಮಾಡಲು ಹೇಳಬೇಕು. ಕಂಪನಿಯಿಂದ ಹಣ ಮರಳಿ ಪಡೆಯುವವರು ಮದ್ಯದ ಖರ್ಚನ್ನು ಪ್ರತ್ಯೇಕವಾಗಿಡುವುದು ಕ್ಷೇಮ. ಟಿಪ್ಸ್ ಇಲ್ಲಿ ಐಚ್ಛಿಕ ಬಕ್ಷೀಸಲ್ಲ. ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕರು ಕೊಡಬೇಕಾದ ಕನಿಷ್ಠ ನಗದು ಕೂಲಿ ಫೆಡರಲ್ ಕಾನೂನಿನಂತೆ 1991ರಿಂದಲೂ ಗಂಟೆಗೆ 2.13 ಡಾಲರ್ ಮಾತ್ರ, ಜಾರ್ಜಿಯಾ, ಕೆರೊಲಿನಾಗಳು, ಟೆನೆಸಿಗಳಲ್ಲಿ ಅದೇ ದರ ನಡೆಯುತ್ತದೆ. ಅವರ ಮನೆ ನಡೆಯುವುದು ನಾವು ಕೊಡುವ ಟಿಪ್ಸ್‌ನಿಂದ. ತೆರಿಗೆಗೆ ಮುಂಚಿನ ಮೊತ್ತದ ಮೇಲೆ ಶೇಕಡಾ 20, ಅಂದರೆ 60 ಡಾಲರಿನ ಊಟಕ್ಕೆ 12 ಡಾಲರ್ ಕೊಡಿರಿ. ಆರು ಜನ ಅಥವಾ ಅದಕ್ಕಿಂತ ಹೆಚ್ಚಿನ ತಂಡಕ್ಕೆ ಬಿಲ್ಲಿನಲ್ಲಿಯೇ ‘ಗ್ರ್ಯಾಚುಯಿಟಿ’ ಎಂದು ಟಿಪ್ಸನ್ನು ಸೇರಿಸುವುದುಂಟು, ಆದ್ದರಿಂದ ಸಹಿ ಮಾಡುವ ಮೊದಲು ಆ ಸಾಲನ್ನು ಹುಡುಕಿರಿ. ಕಾರ್ಡ್ ಉಜ್ಜಿದ ಮೇಲೆ ಎರಡು ಪ್ರತಿ ತಂದುಕೊಡುತ್ತಾರೆ. ಟಿಪ್ಸ್, ಒಟ್ಟು ಮೊತ್ತ ಬರೆದು ಸಹಿ ಮಾಡಿದ ರೆಸ್ಟೋರೆಂಟಿನ ಪ್ರತಿಯನ್ನು ಮೇಜಿನ ಮೇಲೆ ಬಿಟ್ಟು, ನಿಮ್ಮದನ್ನು ಜೇಬಿಗೆ ಹಾಕಿಕೊಳ್ಳಿರಿ. ಕಾರನ್ನು ನಿಲ್ಲಿಸಿಕೊಡುವ ವ್ಯಾಲೆಗೆ ಕೊಟ್ಟಿದ್ದರೆ ಅವರಿಗಾಗಿ ಐದು ಡಾಲರಿನ ಒಂದು ನೋಟು ಬೇರೆ ಇರಲಿ.

ಉಳಿದ ಊಟವನ್ನು ಡಬ್ಬಿಗೆ ಹಾಕಿಸಿಕೊಂಡು ಹೋಗಲು ನಾಚಬೇಕಿಲ್ಲ, ಎಷ್ಟೇ ದೊಡ್ಡ ರೆಸ್ಟೋರೆಂಟ್ ಆದರೂ ಕೇಳಿದರೆ ಕೊಡುತ್ತಾರೆ. ಅಲಸಂದೆ ಮರುದಿನ ಬಿಸಿ ಮಾಡಿ ಒಂದು ಹಸಿಮೆಣಸಿನಕಾಯಿ ಕಚ್ಚಿಕೊಂಡು ಉಣ್ಣುವಾಗ ಇನ್ನೂ ಚೆನ್ನಾಗಿರುತ್ತದೆ. ಬೆಳಿಗ್ಗೆ ಕಚೇರಿ ತಲುಪಿದೊಡನೆ ಆಹ್ವಾನಿಸಿದವರಿಗೆ ಎರಡು ಸಾಲಿನ ಧನ್ಯವಾದ ಬರೆಯಿರಿ, ಅದರಲ್ಲಿ ನಿಮಗೆ ಮೆಚ್ಚುಗೆಯಾದ ಒಂದು ಪದಾರ್ಥದ ಹೆಸರಿರಲಿ. ಮುಂದಿನ ಸಲ ಮೇಜು ಕಾಯ್ದಿರಿಸುವಾಗ ಅವರು ಅದನ್ನೇ ನೆನಪಿಟ್ಟುಕೊಂಡು ಕೇಳಿರುತ್ತಾರೆ.